ಎದೆನೋವು ಎಂಬ ಮಾತು

ಫೆಬ್ರವರಿ 3

ಪುಟ್ಟಿಗೆ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ. ಐದು ವಾರಕ್ಕೊಂದು ಕಾಗದ, ಅದೂ ಒಂಬತ್ತೇ ಸಾಲು. ತಿಂಗಳಿಗೆ ಎರಡು ಕಾಗದ, ಹಾಳೆಯ ಎರಡೂ ಕಡೆ ತುಂಬ ಬರೆಯಬೇಕು ಎಂದು ನಮ್ಮಿಬ್ಬರ ಕರಾರು. ಮೂವತ್ತು ವರ್ಷ ಮಿಲ್ಲಿನ ಮಗ್ಗಗಳ ನಡುವೆ ನಿಂತು ನನ್ನ ಕಿವಿ ಹೋಗಿದೆ. ಫೋನಿನಲ್ಲಿ ನೀನು ಎಷ್ಟು ಕೂಗಿದರೂ ನನಗೆ ನೊಣ ಗುಂಯ್‌ಗುಟ್ಟಿದ ಹಾಗೆ. ಮೊಬೈಲಿನ ಅಕ್ಷರವೋ ಇರುವೆಯಷ್ಟು. ಕಾಗದ ಬಿಟ್ಟರೆ ನಿನ್ನ ದನಿ ನನಗೆ ಬೇರೆಲ್ಲಿ ಸಿಗಬೇಕು?

ಇನ್ನು ನಿನ್ನ ಅಕ್ಷರ. ಹೊಲಿಗೆಯ ಹಾಗೆ ನೆಟ್ಟಗೆ ಬರೆಯುವವಳು, ಈ ಸಲ ಕೋಳಿ ಕೆದಕಿದ ಹಾಗೆ ಬರೆದಿದ್ದೀಯ. ‘ತೋಳು ಸ್ವಲ್ಪ ನೋವು, ಅಂಗಡಿ ಕೆಲವು ತಿಂಗಳು ಮುಚ್ಚಿದ್ದೇನೆ’ ಅಂತೆ. ಮೈ ಸುಡುವ ಜ್ವರದಲ್ಲೂ ಗಿರಾಕಿಯ ಬಟ್ಟೆ ಹೊಲಿದು ಕೊಟ್ಟವಳು ನೀನು. ಹೊಲಿಗೆಯಂಗಡಿ ಮುಚ್ಚಿಸುವಂಥ ತೋಳುನೋವು ನಾನು ಕೇಳಿಲ್ಲ. ನಿಜ ಹೇಳು, ನಿಮ್ಮ ಯಜಮಾನರ ಜೊತೆ ಜಗಳವೇ? ಬಸ್ಸು ಓಡಿಸಿ ಓಡಿಸಿ ಆ ಮಹಾರಾಯರಿಗೆ ಮನೆಯಲ್ಲೂ ಹಾರ್ನ್ ಹೊಡೆಯುವ ಚಾಳಿ. ಮುಖ ಗಂಟು ಹಾಕಿಕೊಂಡು ಕೂತಿದ್ದರೆ ಹೇಳು, ಅವರಿಗೂ ಒಂದು ಕಾಗದ ಹಾಕುತ್ತೇನೆ.

ಇನ್ನೊಂದು. ಒಂಬತ್ತು ಸಾಲಿನಲ್ಲಿ ಮೂರು ಕಡೆ ‘ಸಿಸ್ಟರ್ ಹೇಳಿದರು, ಸಿಸ್ಟರ್ ಹೇಳಿದರು’. ಯಾರಮ್ಮ ಈ ಸಿಸ್ಟರ್? ಒಡಹುಟ್ಟಿದ ಅಕ್ಕ ನಾನೊಬ್ಬಳಿರುವಾಗ ನಿನಗೆ ಇಂಗ್ಲಿಷಿನ ಅಕ್ಕ ಯಾಕೆ ಬೇಕಾಯಿತು?

ನಾನು ಚೆನ್ನಾಗಿದ್ದೇನೆ. ಮಗಳು ಶಾಲೆಗೆ ಹೋಗಿದ್ದಾಳೆ. ಮೂವತ್ತಾದರೂ ಇನ್ನೂ ಶಾಲೆಯೇ ಎಂದು ನಿಮ್ಮ ಯಜಮಾನರು ಪ್ರತಿ ಸಲ ಮಾಡುವ ಜೋಕನ್ನು ನಾನೇ ಮಾಡಿಬಿಟ್ಟೆ, ಟೀಚರಮ್ಮ ಕೇಳಿಸಿಕೊಂಡರೆ ಸಿಟ್ಟಾಗುತ್ತಾಳೆ. ಎರಡೂ ಕಡೆ ತುಂಬ ಬರೆ.

ನಿನ್ನ ಅಕ್ಕ

•

ಫೆಬ್ರವರಿ 14

ಅಕ್ಕ,

ಜಗಳವಿಲ್ಲ. ಅವರನ್ನು ಬೈಯಬೇಡ, ಈ ಕಾಗದವನ್ನು ಅಂಚೆಗೆ ಹಾಕುವವರೂ ಅವರೇ.

ಕೂತುಕೊಂಡು ಓದು. ನನ್ನ ಎದೆಯ ಬಲಗಡೆ ಒಂದು ಗಂಟು ಕೈಗೆ ಸಿಕ್ಕಿತ್ತು. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದು ಬಂತು. ಜನವರಿ ಇಪ್ಪತ್ತರಂದು ಆಪರೇಷನ್ ಆಯಿತು. ಬಲಗಡೆಯದನ್ನು ಪೂರ್ತಿ ತೆಗೆದಿದ್ದಾರೆ. ಬದುಕಿದ್ದೇನೆ, ಊಟ ಮಾಡುತ್ತಿದ್ದೇನೆ, ನಿನ್ನ ಬೈಗುಳ ಓದಿ ನಕ್ಕೂ ಇದ್ದೇನೆ. ಅಕ್ಷರ ಸೊಟ್ಟಗಾದದ್ದು ಆ ಕಡೆಯ ತೋಳಿನಿಂದ.

ಮೊದಲೇ ಹೇಳಲಿಲ್ಲ. ಅಮ್ಮ ಹೋದಾಗ ನನಗೆ ಐದು, ನಿನಗೆ ಹದಿನಾರು. ಅವತ್ತಿನಿಂದ ನನ್ನ ತಲೆ ಬಾಚಿದವಳು, ಬಾಯಿಗೆ ತುತ್ತಿಟ್ಟವಳು ನೀನು. ನಿನ್ನ ಮೇಲೆ ಇನ್ನೊಂದು ಹೊರೆ ಯಾಕೆ ಎಂದು ಸುಮ್ಮನಾದೆ. ತಪ್ಪಾಯಿತು.

ಈಗ ನಿನ್ನ ಎದುರಾಳಿಯ ವಿಷಯ. ಸಿಸ್ಟರ್ ಎಂದರೆ ಆಸ್ಪತ್ರೆಯ ನರ್ಸ್. ಈ ಕಾಯಿಲೆಯವರನ್ನು ಮೊದಲ ದಿನದಿಂದ ಕೊನೆಯವರೆಗೆ ನೋಡಿಕೊಳ್ಳುವುದಕ್ಕೆಂದೇ ತರಬೇತಿ ಪಡೆದವರು, ಅವರಿಗೆ ಬೇರೆ ವಾರ್ಡಿನ ಕೆಲಸವಿಲ್ಲ. ಕೋಣೆಯ ಬಾಗಿಲ ಮೇಲೆ ‘ಸ್ತನ ಆರೈಕೆ’ ಎಂದು ಬೋರ್ಡಿದೆ. ದಿನವಿಡೀ ಅಳತೆ ಪುಸ್ತಕದಲ್ಲಿ ‘ಎದೆ 36, ಎದೆ 40’ ಎಂದು ಬರೆಯುವ ನಾನು, ಆ ಬೋರ್ಡು ಓದಿ ನಾಚಿಕೊಂಡು ಮೂರು ಸಲ ಬಾಗಿಲು ದಾಟಿ ಹೋದೆ. ನಾಲ್ಕನೇ ಸಲ ಅವರೇ ಹೊರಗೆ ಬಂದು, “ವಾಕಿಂಗ್ ಮುಗೀತಾ? ಹಾಗಾದ್ರೆ ಒಳಗೆ ಬಂದು ಕೂತ್ಕೊಳ್ಳಿ” ಎಂದರು.

ಡಾಕ್ಟರು ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದು ‘ಕ್ಯಾನ್ಸರ್’ ಎಂಬ ಒಂದೇ ಪದ. ಸಿಸ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಎಲ್ಲವನ್ನೂ ಮತ್ತೆ ಹೇಳಿದರು. ಹಳೆಯ ಲಕೋಟೆಯ ಬೆನ್ನಿಗೆ ಚಿತ್ರ ಬರೆದು, ಎಲ್ಲಿ ಕತ್ತರಿಸುತ್ತಾರೆ, ಎಲ್ಲಿ ಹೊಲಿಯುತ್ತಾರೆ ಎಂದು ತೋರಿಸಿದರು. ಕತ್ತರಿ, ಹೊಲಿಗೆ ಎಂದಮೇಲೆ ನನಗೆ ಅರ್ಥವಾಗದಿರುತ್ತದೆಯೇ? ಹೊರಡುವಾಗ ಫೋನ್ ನಂಬರು ಕೊಟ್ಟು, ಕೇಳಬಹುದೋ ಬಾರದೋ ಎಂದು ಯಾವುದಕ್ಕೆ ಅನುಮಾನ ಬರುತ್ತದೋ ಅದನ್ನೇ ಮೊದಲು ಕೇಳಿ ಎಂದರು.

ಆಪರೇಷನ್ ಆದಮೇಲೆ ಮೊದಲ ಸಲ ಕನ್ನಡಿ ನೋಡಿಕೊಂಡಾಗ ಪಕ್ಕದಲ್ಲಿದ್ದವರೂ ಅವರೇ. ನಾನು ಅತ್ತು ಮುಗಿಸುವವರೆಗೆ ಟವೆಲು ಹಿಡಿದು ನಿಂತಿದ್ದರು. ಆ ಹೊತ್ತಿನಲ್ಲಿ ನನಗೆ ಯಜಮಾನರೂ ಬೇಡವೆನಿಸಿತ್ತು, ನೀನೂ ಬೇಡವೆನಿಸಿತ್ತು ಅಕ್ಕ. ಅವರಿದ್ದದ್ದು ಸರಿಯಾಯಿತು.

ತೋಳು ಬಿಗಿಯದಿರಲೆಂದು ಈಗ ದಿನಾ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೇಲೆ ಹತ್ತಿಸುತ್ತೇನೆ. ಎಲ್ಲಿಯವರೆಗೆ ಮುಟ್ಟಿತೋ ಅಲ್ಲಿಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ. ಗೋಡೆ ಹಾಳಾಯಿತೆಂದು ಯಜಮಾನರು ಹಾರ್ನ್ ಹೊಡೆದಿಲ್ಲ.

ಒಂದು ಪ್ರಶ್ನೆಗೆ ನೀನೇ ಉತ್ತರ ಕೊಡಬೇಕು. ಸಿಸ್ಟರ್ ನಮ್ಮ ಮನೆಯವರ ವಿವರ ಬರೆದುಕೊಳ್ಳುತ್ತಾ, ಅಮ್ಮ ಯಾವುದರಿಂದ ಹೋದರು ಎಂದು ಕೇಳಿದರು. ಎದೆನೋವು ಎಂದೆ. ಪೆನ್ನು ನಿಲ್ಲಿಸಿ, “ಎದೆನೋವು ಅಂದ್ರೆ ಹಾರ್ಟೋ, ಮೊಲೆಯೋ?” ಎಂದರು. ಮೊಣಕಾಲು ಎಂದಷ್ಟೇ ಸಲೀಸಾಗಿ ಆ ಪದ ಅಂದರು. ಗೊತ್ತಿಲ್ಲ ಎಂದೆ. ಅಮ್ಮನದು ನನಗೆ ನೆನಪಿರುವುದು ಒಂದೇ. ನಾನು ತೊಡೆ ಹತ್ತಲು ಹೋದರೆ ಕೈಯಿಂದ ದೂರ ತಳ್ಳುತ್ತಿದ್ದಳು. ನನ್ನನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೇ ಎಂದುಕೊಂಡೇ ಬೆಳೆದೆ. ಅದನ್ನು ಸಿಸ್ಟರಿಗೆ ಹೇಳಲಿಲ್ಲ, ನಿನಗೂ ಇವತ್ತೇ ಹೇಳುತ್ತಿರುವುದು. ನೀನಾಗ ದೊಡ್ಡವಳು, ನಿನಗೆ ಗೊತ್ತಿರುತ್ತದೆ. ಬರೆ.

ಪುಟ್ಟಿ

•

ಫೆಬ್ರವರಿ 23

ಪುಟ್ಟಿಗೆ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮೊದಲ ಸಲ ಅತ್ತುಬಿಟ್ಟೆ, ಉಳಿದ ಮೂರು ಸಲ ಸಿಟ್ಟು ಬಂತು. ನನ್ನ ಕಿವಿ ಹೋಗಿದೆಯೇ ಹೊರತು ಕಾಲು ಹೋಗಿಲ್ಲ. ಬಸ್ಸು ಹತ್ತಿ ಬಂದು ನಿನ್ನ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಒಂದು ತಿಂಗಳು ನನ್ನಿಂದ ಮುಚ್ಚಿಟ್ಟೆಯಲ್ಲ, ಅಷ್ಟು ಹೊರಗಿನವಳಾದೆನೇ? ಕನ್ನಡಿಯ ಮುಂದೆ ನಾನು ಬೇಡವೆನಿಸಿತಂತೆ. ಇರಲಿ. ಬಾಚಣಿಗೆ ಹಿಡಿಯಲು ಅಕ್ಕ, ಟವೆಲು ಹಿಡಿಯಲು ಸಿಸ್ಟರ್. ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಅವರು ಕೇಳಿದ್ದಕ್ಕೆ ಉತ್ತರ: ಎದೆನೋವು ಎಂದರೆ ಎದೆನೋವು. ಅದಕ್ಕೆ ಎರಡೆರಡು ಅರ್ಥ ಹುಡುಕುವುದೇಕೆ? ನಲವತ್ತೊಂದು ವರ್ಷದ ಹಿಂದಿನದನ್ನು ಕೆದಕಿದರೆ ನಿನ್ನ ಗಾಯ ಬೇಗ ಒಣಗುತ್ತದೆಯೇ? ನಮ್ಮ ಮನೆಯ ಪುರಾಣ ಆಸ್ಪತ್ರೆಗೆ ಬೇಡ ಎಂದು ಹೇಳು.

ಒಂದು ಪಾರ್ಸೆಲ್ ಕಳಿಸಿದ್ದೇನೆ. ಮಿಲ್ಲಿನ ತೆಳು ಹತ್ತಿ ಬಟ್ಟೆ, ಒಗೆದು ಒಗೆದು ಬೆಣ್ಣೆಯಾಗಿದೆ. ಗಾಯದ ಮೇಲೆ ಹಾಕಿಕೋ. ಕಲೆಯಾದರೆ ಬಿಸಿನೀರಿಗೆ ಹಾಕಬೇಡ, ಕೂತುಬಿಡುತ್ತದೆ. ತಣ್ಣೀರಿಗೆ ಉಪ್ಪು ಹಾಕಿ ನೆನೆಸು. ಬಾಗಿಲ ಹಿಂದೆ, ಬಂದುಹೋಗುವವರ ಕಣ್ಣಿಗೆ ಬೀಳದ ಕಡೆ ಒಣಗಿಸು. ಒಂದೇ ಸಲಕ್ಕೆ ವಾಸನೆ ಹೋಗುವುದಿಲ್ಲ, ಎರಡು ನೀರು ಬೇಕು. ನಾನು ಎಷ್ಟು ಸಲ ಮಾಡಿಲ್ಲ.

ನಾನು ಚೆನ್ನಾಗಿದ್ದೇನೆ. ಎಡಮಗ್ಗುಲಿಗೆ ಮಲಗಲು ಆಗುತ್ತಿಲ್ಲ, ವಯಸ್ಸಾಯಿತು, ಅಷ್ಟೆ. ನಾನು ಬರಲೇ?

ನಿನ್ನ ಅಕ್ಕ

•

ಮಾರ್ಚ್ 18

ಅಕ್ಕ,

ಈಗ ಬರಬೇಡ. ಕೀಮೋ ನಡೆಯುತ್ತಿದೆ, ಬಸ್ಸಿನ ನೆಗಡಿ ಕೆಮ್ಮು ಯಾವುದೂ ನನ್ನ ಹತ್ತಿರ ಸುಳಿಯಕೂಡದಂತೆ. ಕೂದಲು ಉದುರಿತು. ಯಾವ ವಾರ ಉದುರುತ್ತದೆ ಎಂದು ಸಿಸ್ಟರ್ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ನೀನು ಬಾಚುತ್ತಿದ್ದ ಕೂದಲು ಎಂದು ಮಾತ್ರ ಬೇಜಾರಾಯಿತು. ಒಂದು ಸಂಜೆ ಸಣ್ಣ ಜ್ವರ ಬಂತು. ಮಾತ್ರೆ ನುಂಗಿ ಮಲಗೋಣವೆಂದುಕೊಂಡವಳು, ಯಾಕೋ ಸಿಸ್ಟರಿಗೆ ಫೋನ್ ಮಾಡಿದೆ. “ಬೆಳಿಗ್ಗೆ ತನಕ ಕಾಯ್ಬೇಡಿ, ಈಗಲೇ ಹೊರಡಿ” ಎಂದರು. ಆ ಮಾತು ಕೇಳದಿದ್ದರೆ ಪ್ರಾಣಕ್ಕೇ ಕುತ್ತು ಬರುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಈ ಋಣವನ್ನು ನಾನು ಹೇಗೆ ತೀರಿಸಲಿ, ಹೇಳು.

ನಿನ್ನ ಬಟ್ಟೆ ಬಂತು. ಗಾಯ ಒಣಗಿದೆ, ಕಲೆಯೂ ಇಲ್ಲ, ವಾಸನೆಯೂ ಇಲ್ಲ. ಅದಕ್ಕೇ ಅದರಲ್ಲಿ ಚೀಲ ಹೊಲಿದೆ. ಆಪರೇಷನ್ ಆದಮೇಲೆ ಗಾಯದ ನೀರು ಇಳಿಯಲು ಒಂದು ನಳಿಕೆ ಇಟ್ಟಿರುತ್ತಾರೆ, ಅದರ ತುದಿಗೆ ಬಾಟಲಿ. ಹತ್ತು ದಿನ ಆ ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹಿಡಿದುಕೊಂಡು, ತರಕಾರಿಗೆ ಹೊರಟವಳ ಹಾಗೆ ಓಡಾಡಿದ್ದೆ. ಹೆಗಲಿಗೆ ಹಾಕಿಕೊಳ್ಳುವ ಚೀಲವಿದ್ದರೆ ಎರಡೂ ಕೈ ಬಿಡುವಾಗುತ್ತದೆ. ಎಂಟು ಹೊಲಿದು ಸಿಸ್ಟರಿಗೆ ಕೊಟ್ಟೆ. ಅವರು ಒಂದನ್ನು ತಾವೇ ಹಾಕಿಕೊಂಡು ಕಾರಿಡಾರಿನ ಉದ್ದಕ್ಕೂ ನಡೆದು, ಎಲ್ಲರಿಗೂ ತೋರಿಸಿ ಬಂದರು. ಎರಡು ತಿಂಗಳ ಮೇಲೆ ಮೆಷಿನ್ ತುಳಿದದ್ದು ಅದೇ ಮೊದಲು.

ಈಗ ನಿನ್ನ ಮೇಲೆ ನನ್ನ ದೂರು. ನಗಲಿ ಎಂದು ನಿನ್ನ ಎರಡೂ ಕಾಗದಗಳನ್ನು ಸಿಸ್ಟರಿಗೆ ಓದಿ ಹೇಳಿದೆ. ಇಂಗ್ಲಿಷಿನ ಅಕ್ಕ ಎಂದದ್ದಕ್ಕೂ ಟವೆಲಿನ ಮಾತಿಗೂ ನಕ್ಕರು. ಕಲೆಯ ಮಾತಿಗೆ ನಗಲಿಲ್ಲ. ಅದನ್ನು ಇನ್ನೊಮ್ಮೆ ಓದಿ ಎಂದರು. ಎರಡನೇ ಸಲ ಓದುವಾಗ ನನಗೂ ಹೊಳೆಯಿತು. ಹೃದಯ ನಿಂತು ಹೋದವಳ ಬಟ್ಟೆಗೆ ಕಲೆ ಯಾಕಾಗುತ್ತದೆ? ನೀನು ಎಷ್ಟೋ ಸಲ ಒಗೆದದ್ದು ಯಾರ ಬಟ್ಟೆ? ಸಿಸ್ಟರ್ ಕೊಟ್ಟ ಚೀಟಿ ಇದರೊಳಗಿದೆ. ಓದದೆ ಹರಿಯಬೇಡ.

ಪುಟ್ಟಿ

(ಒಳಗಿದ್ದ ಚೀಟಿ)

ಅಕ್ಕನವರಿಗೆ ನಮಸ್ಕಾರ. ನಿಮ್ಮ ತಂಗಿ ಮಾತಿಗೊಮ್ಮೆ ‘ನಮ್ಮಕ್ಕ’ ಅನ್ನುತ್ತಾರೆ. ನಿಮ್ಮ ಜಾಗ ನನಗೆ ಬೇಡ, ಬೇಕೆಂದರೂ ಸಿಗುವ ಹಾಗಿಲ್ಲ. ನಾನು ಕೇಳಿದ್ದು ಪುರಾಣಕ್ಕಲ್ಲ. ನಿಮ್ಮ ತಾಯಿಗೂ ಇದೇ ಕಾಯಿಲೆ ಇದ್ದಿದ್ದರೆ ನಿಮ್ಮನ್ನೂ ನಿಮ್ಮ ಮಗಳನ್ನೂ ಪರೀಕ್ಷೆ ಮಾಡಬೇಕು. ಬೇಗ ಸಿಕ್ಕಿದಷ್ಟೂ ಚಿಕಿತ್ಸೆ ಸುಲಭ. ಹತ್ತೊಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಎದೆನೋವು ಎಂದಷ್ಟೇ ಹೇಳಿ ಹೋದ ತಾಯಂದಿರ ವಿಷಯ ತುಂಬಾ ಕೇಳಿದ್ದೇನೆ, ಅವರನ್ನು ನಾನು ತಪ್ಪು ತಿಳಿದಿಲ್ಲ. ನಿಮ್ಮ ಕೈಗೇ ಏನಾದರೂ ತಗುಲಿದ್ದರೆ ದಯವಿಟ್ಟು ಬರೆಯಿರಿ.

— ಇಂಗ್ಲಿಷಿನ ಅಕ್ಕ

•

ಏಪ್ರಿಲ್ 8

ಅಕ್ಕ,

ಮೂರು ವಾರವಾಯಿತು. ನಿನ್ನ ಕರಾರು ನೀನೇ ಮುರಿದೆ.

ನಿನ್ನ ಮಗಳಿಗೆ ಫೋನ್ ಮಾಡಿದೆ. ಅಮ್ಮ ಯಾವುದೋ ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾಳೆ, ಏನದು ಎಂದರೆ ಕೇಳಿಸಲಿಲ್ಲ ಅನ್ನುತ್ತಾಳೆ ಎಂದಳು. ಬೇಡದ ಮಾತು ಬಂದಾಗ ನಿನ್ನ ಕಿವುಡು ಜಾಸ್ತಿಯಾಗುತ್ತದೆ ಎಂದು ನನಗೆ ಗೊತ್ತು. ಕೋಪವಿದ್ದರೆ ಬೈದು ಬರೆ. ಖಾಲಿ ಹಾಳೆ ಕಳಿಸಿದರೂ ಸಾಕು, ನಿನ್ನ ಕೈ ಮುಟ್ಟಿದ್ದು ಎಂದುಕೊಳ್ಳುತ್ತೇನೆ.

ಬೆರಳು ಈಗ ಲೈಟಿನ ಸ್ವಿಚ್ಚಿಗಿಂತ ಒಂದು ಗೇಣು ಮೇಲೆ ಮುಟ್ಟುತ್ತದೆ.

ಪುಟ್ಟಿ

•

ಏಪ್ರಿಲ್ 16

ಪುಟ್ಟಿಗೆ,

ಮಗಳು ಶಾಲೆಗೆ ಹೋದಮೇಲೆ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಮೂರು ಹಾಳೆ ಹರಿದು ಹಾಕಿದೆ, ಇದು ನಾಲ್ಕನೆಯದು.

ನಿನ್ನ ಸಿಸ್ಟರ್ ಸರಿಯಾಗಿ ಕೇಳಿದ್ದಾರೆ. ಅಮ್ಮನಿಗೆ ಇದ್ದದ್ದು ನಿನಗಿದ್ದದ್ದೇ. ಆ ಪದ ನನಗೆ ಈಗಲೂ ಬರೆಯಲು ಬರುತ್ತಿಲ್ಲ. ಗಂಟಾಗಿ, ಹುಣ್ಣಾಗಿ, ಏಳು ತಿಂಗಳು ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಅಪ್ಪ ಎಷ್ಟು ಬೇಡಿಕೊಂಡರೂ ಡಾಕ್ಟರಿಗೆ ತೋರಿಸಲು ಒಪ್ಪಲಿಲ್ಲ. ಬಟ್ಟೆ ಬದಲಿಸುತ್ತಿದ್ದವಳು ನಾನು, ಒಗೆಯುತ್ತಿದ್ದವಳು ನಾನು. “ಕೇಳಿದವರಿಗೆ ಎದೆನೋವು ಅನ್ನು. ಅದೇನು ಸುಳ್ಳಲ್ಲವಲ್ಲ” ಎಂದಳು. ಪುಟ್ಟಿಗಂತೂ ಯಾವತ್ತೂ ಹೇಳಕೂಡದು ಎಂದು ಮಾತು ತೆಗೆದುಕೊಂಡಳು. ನಲವತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇವತ್ತು ಆ ಮಾತು ಮುರಿಯುತ್ತಿದ್ದೇನೆ, ಮುರಿಯುವಂತೆ ಮಾಡಿದ್ದು ನಿನ್ನ ಒಂದು ಸಾಲು.

ಅಮ್ಮ ನಿನ್ನನ್ನು ತಳ್ಳುತ್ತಿದ್ದಳು, ಹೌದು. ನೀನು ಕರುವಿನ ಹಾಗೆ ಓಡಿಬಂದು ಅವಳ ಎದೆಗೆ ತಲೆಯಿಂದ ಗುದ್ದುತ್ತಿದ್ದೆ. ಅವಳಿಗೆ ಪ್ರಾಣ ಹೋದ ಹಾಗಾಗುತ್ತಿತ್ತು. ಮಧ್ಯಾಹ್ನ ನಿನಗೆ ನಿದ್ದೆ ಹತ್ತಿದ ಮೇಲೆ, “ಈಗ ಎತ್ಕೊಂಡು ಬಾ” ಎನ್ನುತ್ತಿದ್ದಳು. ಹುಣ್ಣಿದ್ದದ್ದು ಎಡಗಡೆ. ನಾನು ನಿನ್ನನ್ನು ತಂದು ಅವಳ ಬಲಗಡೆ ಮಲಗಿಸುತ್ತಿದ್ದೆ. ನೀನು ಏಳುವ ತನಕ ನಿನ್ನ ತಲೆ ನೇವರಿಸುತ್ತಿದ್ದಳು, ಮಿಸುಕಿದ ಕೂಡಲೇ ನಾನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ನಿನಗೆ ಗೊತ್ತಾಗದ ಹಾಗೆ ನೋಡಿಕೊಂಡೆ, ಅದೇ ಜಾಣತನ ಎಂದುಕೊಂಡಿದ್ದೆ. ನೀನು ಹೀಗೆ ತಿಳಿದುಕೊಂಡು ಬೆಳೆಯುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ. ಕ್ಷಮಿಸು.

ಇನ್ನೂ ಒಂದಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನ್ನಂಥವಳನ್ನು ನೋಡಿಯೇ ಮಾಡಿರಬೇಕು. ಒಂದು ತಿಂಗಳು ಮುಚ್ಚಿಟ್ಟೆ ಎಂದು ನಿನ್ನನ್ನು ಬೈದೆ, ನಾನು ಎಂಟು ತಿಂಗಳಿಂದ ಮುಚ್ಚಿಟ್ಟಿದ್ದೇನೆ. ಎಡಗಡೆ, ಕಂಕುಳ ಹತ್ತಿರ, ಕಡಲೆಕಾಳಿನಷ್ಟಿದೆ. ಮಗಳಿಗೆ ಹೇಳಿಲ್ಲ. ಆಸ್ಪತ್ರೆಗೆ ಹೋದರೆ ಅವರು ಕೇಳುವುದು ನನಗೆ ಕೇಳಿಸುವುದಿಲ್ಲ, ಕೇಳಿಸಿದರೂ ಹೇಳುವ ಬಾಯಿಲ್ಲ. ಹೆದರಿಕೆ ಪುಟ್ಟಿ. ಕಣ್ಣು ಮುಚ್ಚಿದರೆ ಅಮ್ಮನ ಕೋಣೆ ಬರುತ್ತದೆ.

ಇದನ್ನು ನಿನ್ನ ಸಿಸ್ಟರಿಗೆ ಓದಿ ಹೇಳು. ಅಥವಾ ಬೇಡ. ಇಲ್ಲ, ಹೇಳು.

ನಿನ್ನ ಅಕ್ಕ

•

ಏಪ್ರಿಲ್ 20

ಅಕ್ಕ,

ಅಮ್ಮನ ವಿಷಯ ಈಗ ಬರೆಯಲಾರೆ. ಅವಳ ಬಲಗಡೆ ಮಲಗಿಸುತ್ತಿದ್ದೆ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಯಜಮಾನರು ಇವತ್ತು ರಜೆ ಹಾಕಿ ನನ್ನ ಪಕ್ಕ ಕೂತಿದ್ದಾರೆ. ನೀನು ಕ್ಷಮೆ ಕೇಳಬೇಡ. ನನಗೆ ಅಮ್ಮನನ್ನು ವಾಪಸು ಕೊಟ್ಟಿದ್ದೀಯ.

ಮೊದಲು ಕೆಲಸದ ಮಾತು. ಸಿಸ್ಟರಿಗೆ ಓದಿ ಮುಗಿಸುವುದರೊಳಗೆ ಅವರ ಕೈಯಲ್ಲಿ ಫೋನಿತ್ತು. ನಿನ್ನ ಊರಿನ ಆಸ್ಪತ್ರೆಯಲ್ಲೂ ಇಂಥ ಕೆಲಸದ ಒಬ್ಬರಿದ್ದಾರೆ, ಇಬ್ಬರೂ ಒಟ್ಟಿಗೆ ತರಬೇತಿ ಪಡೆದವರಂತೆ. ಏಪ್ರಿಲ್ ಇಪ್ಪತ್ತೆಂಟು, ಬೆಳಿಗ್ಗೆ ಹತ್ತೂವರೆಗೆ ನಿನ್ನ ಹೆಸರು ಬರೆಸಿದ್ದಾರೆ. ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗು. ಅವರು ಬರೆದು ಕೇಳುತ್ತಾರೆ, ನೀನು ಬಾಯಲ್ಲಿ ಹೇಳಿದರಾಯಿತು. ಮಗಳಿಗೆ ಇವತ್ತೇ ಹೇಳು. ಒಳಗೆ ಬೇಡವೆನಿಸಿದರೆ ಅವಳು ಹೊರಗೆ ಕೂರಲಿ. ಎಲ್ಲ ಗಂಟೂ ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ನೋಡದೆ ಯಾರೂ ಹೇಳಲಾರರು ಎಂದರು ಸಿಸ್ಟರ್.

ನಿನ್ನ ಕಾಗದ ಮಡಿಸಿ ಕೊಡುವಾಗ ಸಿಸ್ಟರ್ ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ನಿಮ್ಮಮ್ಮನಿಗೆ ನಿಮ್ಮಕ್ಕನೇ ನರ್ಸು. ತರಬೇತಿ ಇಲ್ಲ, ಕೇಳೋಕೆ ಯಾರೂ ಇಲ್ಲ, ಹದಿನಾರು ವರ್ಷ. ನಾನಾಗಿದ್ರೆ ಓಡಿಹೋಗ್ತಿದ್ದೆ” ಎಂದರು. ಅವರು ಓಡಿಹೋಗುವವರಲ್ಲ ಎಂದು ನನಗೆ ಗೊತ್ತು. ಆದರೂ ಹೇಳಿದರು, ನಿನಗೆ ತಿಳಿಸುತ್ತಿದ್ದೇನೆ.

ಹೋಗಿ ಬಾ ಅಕ್ಕ.

ಪುಟ್ಟಿ

•

ಮೇ 10

ಪುಟ್ಟಿಗೆ,

ಈ ಸಲ ಎರಡೂ ಕಡೆ ತುಂಬ ಬರೆಯುತ್ತೇನೆ. ನೀರು ಕುಡಿದು ಕೂತುಕೋ.

ಹೌದು, ಅದೇ. ಆದರೆ ಚಿಕ್ಕದು, ಕಂಕುಳಿಗೆ ಹರಡಿದ ಹಾಗೆ ಕಾಣುತ್ತಿಲ್ಲವಂತೆ. ಹದಿನೇಳರಂದು ಆಪರೇಷನ್. ಗಂಟನ್ನೂ ಅದರ ಸುತ್ತ ಸ್ವಲ್ಪವನ್ನೂ ಮಾತ್ರ ತೆಗೆಯುತ್ತಾರೆ. ‘ಇನ್ನೊಂದು ವರ್ಷ ಬಿಟ್ಟಿದ್ದರೆ’ ಎಂದು ಡಾಕ್ಟರು ಬರೆಯಲು ಶುರುಮಾಡಿ, ನನ್ನ ಮುಖ ನೋಡಿ, ಹೊಡೆದು ಹಾಕಿ, ‘ಒಳ್ಳೆಯ ಸಮಯಕ್ಕೆ ಬಂದಿದ್ದೀರಿ’ ಎಂದು ಬರೆದರು. ಮಗಳನ್ನೂ ನೋಡಿದರು. ಅವಳಿಗೆ ಏನೂ ಇಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ಅದನ್ನು ಕೇಳಿದಮೇಲೆ ನನಗೆ ನನ್ನದು ಅರ್ಧ ಮರೆತುಹೋಯಿತು.

ನಿನ್ನ ಸಿಸ್ಟರಿಗೆ ನನ್ನ ನಮಸ್ಕಾರ ಹೇಳು. ನನ್ನ ಜಾಗ ಬೇಡವೆಂದರಲ್ಲ, ಅರ್ಧ ಜಾಗ ಕೊಟ್ಟಿದ್ದೇನೆ, ಸುಮ್ಮನೆ ಬಂದು ಕೂರಲಿ. ಅವರು ಆ ಒಂದು ಪ್ರಶ್ನೆ ಕೇಳದೆ ಬಿಟ್ಟಿದ್ದರೆ ನಾನೂ ಹಿಂದಿನ ಕೋಣೆ ಸೇರುತ್ತಿದ್ದೆ. ನನಗೆ ಬಾಟಲಿ ಇಡುವುದಿಲ್ಲವಂತೆ, ಆದರೂ ಒಂದು ಚೀಲ ಹೊಲಿದು ಕಳಿಸು. ನೋಟ್‌ಬುಕ್ ಇಟ್ಟುಕೊಳ್ಳಲು ಬೇಕು.

ಆ ದಿನದ್ದು ಪೂರ್ತಿ ಹೇಳುತ್ತೇನೆ. ನಿನ್ನ ಹಾಗೆ ಮೂರು ಸಲವೇನೂ ಬಾಗಿಲು ದಾಟಿ ಹೋಗಲಿಲ್ಲ, ಎರಡೇ ಸಲ. ಮಗಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದೆ. ಗಂಟಿದೆ ಎಂದಷ್ಟೇ ಅವಳಿಗೆ ಹೇಳಿದ್ದೆ, ಅಜ್ಜಿಯ ವಿಷಯ ಹೇಳಲು ನಾಲಿಗೆ ಏಳಲಿಲ್ಲ. ಇಲ್ಲಿಯ ಸಿಸ್ಟರ್ ನನ್ನ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಒಂದೊಂದೇ ಪ್ರಶ್ನೆ ಬರೆದರು, ನಾನು ಒಂದೊಂದೇ ಉತ್ತರ ಹೇಳಿದೆ. ಆರನೆಯದು: ‘ನಿಮ್ಮ ತಾಯಿ ಯಾವುದರಿಂದ ಹೋದರು?’

ಎದೆ, ಎಂದು ಶುರುಮಾಡಿ ನಿಲ್ಲಿಸಿದೆ. ಅವರು ಪೆನ್ನು ಕೆಳಗಿಟ್ಟು ಕಾದರು. ನನಗೆ ನಿನ್ನ ಸಿಸ್ಟರ್ ಮೊಣಕಾಲು ಎಂಬ ಹಾಗೆ ಆ ಪದ ಅಂದದ್ದು ನೆನಪಾಯಿತು. ಮೆಲ್ಲಗೆ ಹೇಳಿದೆ, “ಮೊಲೆ ಕ್ಯಾನ್ಸರ್. ನಮ್ಮಮ್ಮ ಹೋಗಿದ್ದು ಮೊಲೆ ಕ್ಯಾನ್ಸರಿನಿಂದ.”

ಮೆಲ್ಲಗೆ ಎಂದು ನಾನು ಅಂದುಕೊಂಡದ್ದು. ಮಿಲ್ಲಿನಲ್ಲಿ ಕಿವಿ ಕಳೆದುಕೊಂಡವಳ ಮೆಲ್ಲಗೆ ಎಷ್ಟಿರುತ್ತದೆ, ನಿನಗೆ ಗೊತ್ತಲ್ಲ. ಇಡೀ ಕಾರಿಡಾರಿಗೆ ಕೇಳಿಸಿತಂತೆ. ಚೀಟಿ ಬರೆಯುವ ಕಿಟಕಿಯವನು ಎದ್ದು ನಿಂತು ನೋಡಿದನಂತೆ. ನಲವತ್ತೊಂದು ವರ್ಷ ಕಾಪಾಡಿದ ಗುಟ್ಟನ್ನು ಊರಿಗೆಲ್ಲ ಸಾರಿಬಿಟ್ಟೆ. ಬಾಗಿಲು ತೆರೆದು ಮಗಳು ಬಂದು ನನ್ನ ಪಕ್ಕ ಕೂತಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ, ಅವಳು ಗಲ್ಲ ಹಿಡಿದು ಎತ್ತಿದಳು. ಅಮ್ಮ ಬೈಯುತ್ತಾಳೆ ಎಂದು ಒಂದು ಗಳಿಗೆ ಹೆದರಿದೆ, ಪುಟ್ಟಿ. ಬೈಯಲಿಲ್ಲ ಎಂದುಕೊಂಡಿದ್ದೇನೆ.

ಎಲ್ಲ ಮುಗಿಸಿ ಹೊರಗೆ ಬಂದಾಗ, ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದ ಒಬ್ಬ ಹೆಂಗಸು ನನ್ನ ಕೈ ಹಿಡಿದುಕೊಂಡಳು. ಏನೋ ಹೇಳಿದಳು, ಕೇಳಿಸಲಿಲ್ಲ. ನೋಟ್‌ಬುಕ್ ಚಾಚಿದೆ. ‘ನಮ್ಮಮ್ಮನಿಗೂ ಎದೆನೋವು’ ಎಂದು ಬರೆದಳು.

ನಾನು ಅವಳ ಕೈ ಬಿಡದೆ, ಬಾಗಿಲು ತಳ್ಳಿ, ಅವಳನ್ನು ಕರೆದುಕೊಂಡು ಮತ್ತೆ ಒಳಗೆ ಹೋದೆ.

ನಿನ್ನ ಅಕ್ಕ